ಚೆಂಡು ಒಂದೇ, ಕೂಲಿ ಎರಡೇಕೆ?

ಗೆದ್ದವರಿಗೆ ಜಯಕಾರ ಹಾಕುವುದು ಸುಲಭ. ಕೂಲಿ ಕೊಡುವುದೇ ಕಷ್ಟ. ಡೆನ್ಮಾರ್ಕ್ ದೇಶದ ಹೆಣ್ಣುಮಕ್ಕಳ ಕಾಲ್ಚೆಂಡಾಟದ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಆ ದೇಶದ ಕಾಲ್ಚೆಂಡು ಸಂಸ್ಥೆ ಹೆಣ್ಣುಮಕ್ಕಳನ್ನು ಹೊಸ್ತಿಲೊಳಗೆ ಬಿಟ್ಟುಕೊಂಡದ್ದು 1972ರಲ್ಲಿ. ಅಷ್ಟರೊಳಗೆ ಅವರು ಎರಡು ಬಾರಿ ಜಗತ್ತನ್ನೇ ಗೆದ್ದಾಗಿತ್ತು! 1970ರಲ್ಲಿ ಇಟಲಿಯ ನೆಲದಲ್ಲಿ ಇಟಲಿಯನ್ನೇ 2-0ರಿಂದ ಮಣಿಸಿದರು. 1971ರಲ್ಲಿ ಮೆಕ್ಸಿಕೋ ನಗರದ ಅಜ್ಟೆಕಾ ಮೈದಾನದಲ್ಲಿ, ಲಕ್ಷ ಜನರ ಎದುರಿಗೆ, ಮೆಕ್ಸಿಕೋ ತಂಡವನ್ನು 3-0ರಿಂದ ಸೋಲಿಸಿದರು. ಮೂರು ಗೋಲನ್ನೂ ಹೊಡೆದವಳು 15 ವರ್ಷದ ಸುಸಾನೆ ಆಗಸ್ಟೆಸೆನ್ ಎಂಬ ಹುಡುಗಿ. ಆದರೇನು? ಆ ಪಂದ್ಯಾವಳಿಗಳಿಗೆ ಅಧಿಕೃತ ಮುದ್ರೆಯಿರಲಿಲ್ಲ!

ಹೆಂಗಸರ ಆಟ ನೋಡಲು ಯಾರು ಬರುತ್ತಾರೆ ಎಂದು ಕೇಳುವವರಿದ್ದಾರೆ. ಅಜ್ಟೆಕಾದ ಲಕ್ಷ ಜನ ಯಾರನ್ನು ನೋಡಲು ಬಂದಿದ್ದರು? ಸರಕನ್ನು ಹಿಂದಿನ ಕೋಣೆಯಲ್ಲಿ ಬೀಗ ಹಾಕಿಟ್ಟು, ಗಿರಾಕಿಯೇ ಇಲ್ಲವೆನ್ನುವುದು ಯಾವ ವ್ಯಾಪಾರ? ನಮ್ಮ ಅಂಗಡಿಯ ಬಂಧುಗಳೇ ಹೇಳಲಿ.

2017ರ ಯುರೋಪ್ ಪಂದ್ಯಾವಳಿಯಲ್ಲಿ, ಸತತ 6 ಬಾರಿ ಗೆದ್ದಿದ್ದ ಜರ್ಮನಿಯನ್ನು ಹೊರಗಟ್ಟಿ ಡೆನ್ಮಾರ್ಕ್ ಅಂತಿಮ ಪಂದ್ಯಕ್ಕೆ ಬಂತು. ಅಲ್ಲಿ ನೆದರ್ಲೆಂಡ್ಸ್‌ಗೆ 4-2ರಿಂದ ಸೋತಿತು. ಊರಿಗೆ ಮರಳಿದ ಆಟಗಾರ್ತಿಯರು ಕೇಳಿದ್ದು ಹೆಚ್ಚಿನ ವೇತನ, ನೌಕರರೆಂಬ ಮಾನ್ಯತೆ. ಮಾತುಕತೆ ಮುರಿಯಿತು. ಆ ಅಕ್ಟೋಬರದಲ್ಲಿ ಸ್ವೀಡನ್ ಎದುರಿನ ವಿಶ್ವಕಪ್ ಅರ್ಹತಾ ಪಂದ್ಯ ನಡೆಯಲೇ ಇಲ್ಲ. ಸ್ವೀಡನ್ನಿಗೆ 3-0 ಜಯ, ಡೆನ್ಮಾರ್ಕಿಗೆ 20,000 ಯೂರೋ ದಂಡ. ಮುಂದೆ ಗುಂಪಿನ ಅಗ್ರಸ್ಥಾನ ಸ್ವೀಡನ್ನಿನ ಪಾಲಾಯಿತು. ಡೆನ್ಮಾರ್ಕ್ 2019ರ ವಿಶ್ವಕಪ್ಪಿಗೆ ಹೋಗಲಾಗಲಿಲ್ಲ.

ಈ ನಷ್ಟ ಸಣ್ಣದೆಂದು ನಾವು ಹೇಳುವುದಿಲ್ಲ. ಒಬ್ಬ ಆಟಗಾರ್ತಿಯ ಬಾಳಿನಲ್ಲಿ ವಿಶ್ವಕಪ್ ಎಷ್ಟು ಬಾರಿ ಬಂದೀತು? ಆದರೆ ಮುಷ್ಕರ ಹೂಡಿದ ಗಿರಣಿ ಕಾರ್ಮಿಕನಿಗೆ ಈ ಲೆಕ್ಕ ಹೊಸದಲ್ಲ: ಕಳೆದ ದಿನದ ಕೂಲಿ ಮರಳಿ ಬಾರದು, ಗಳಿಸಿದ ಹಕ್ಕು ಹಿಂದೆ ಬರುವವರಿಗೂ ಉಳಿಯುತ್ತದೆ. 2017 ಮುಗಿಯುವುದರೊಳಗೆ ನಾಲ್ಕು ವರ್ಷಗಳ ಒಪ್ಪಂದವಾಯಿತು.

ನಮಗೆ ಇದಕ್ಕಿಂತ ಹಿರಿದಾಗಿ ಕಾಣುವುದು 2024ರ ಸಂಗತಿ. ಆ ವರ್ಷ ಡೆನ್ಮಾರ್ಕಿನ ಗಂಡಸರ ತಂಡ ತಮಗೆ ಹೆಚ್ಚಳ ಬೇಡವೆಂದು, ಹೆಣ್ಣುಮಕ್ಕಳಿಗೂ ತಮ್ಮಷ್ಟೇ ಮೂಲವೇತನ ಸಲ್ಲುವ ಒಪ್ಪಂದಕ್ಕೆ ಒಪ್ಪಿತು. ಹೆಂಗಸರಿಗೆ ಕೊಟ್ಟರೆ ಗಂಡಸರಿಗೆ ಕಡಿಮೆಯಾಗುತ್ತದೆಂದು ಹೆದರಿಸಿ ದುಡಿಯುವವರನ್ನು ಒಡೆಯುವುದು ಧಣಿಗಳ ಹಳೆಯ ಹೂಟ. ಆ ಹೂಟಕ್ಕೆ ಈ ಆಟಗಾರರು ಸರಿಯಾದ ಉತ್ತರ ಕೊಟ್ಟಿದ್ದಾರೆ. ಒಂದೇ ಕಾರ್ಖಾನೆಯಲ್ಲಿ ಅಕ್ಕತಂಗಿಯರೊಡನೆ ದುಡಿಯುವ ಗಂಡಾಳುಗಳು ಇದನ್ನು ಮನಸ್ಸಿಗೆ ತಂದುಕೊಳ್ಳಲಿ.