ಕುಂಚಿಗೆಗೆ ಪೇಟೆಂಟು ಉಂಟೆ?

ಮಗುವಿನ ಉಡುಪಿನಲ್ಲಿ ಹೊಸದೊಂದನ್ನು ಕಲ್ಪಿಸಿ ಹೊಲಿದವರು ಅದಕ್ಕೆ ಪೇಟೆಂಟು ಪಡೆಯಬಹುದೇ ಎಂಬ ಪ್ರಶ್ನೆಯನ್ನು ಈಗೀಗ ಗೃಹಿಣಿಯರೂ ಕೇಳುವದುಂಟು. ಮೊಲದ ಕಿವಿಯ ಟೊಪ್ಪಿಗೆ, ಸಿಂಹದ ಕೇಸರವುಳ್ಳ ಅಂಗಿ ಮೊದಲಾದ ವಿನೋದದ ಉಡುಪುಗಳು ಅಂಗಡಿಗಳಲ್ಲಿ ತೂಗಾಡುತ್ತಿರುವಾಗ ಇಂಥ ಪ್ರಶ್ನೆಯು ಹುಟ್ಟುವದು ಸಹಜವೇ. ಈ ತಿಂಗಳು ಅದನ್ನೇ ವಿಚಾರಿಸುವೆವು.

ಪೇಟೆಂಟೆಂದರೆ ವಿದ್ಯೆಯನ್ನು ಬಚ್ಚಿಡುವ ಉಪಾಯವೆಂದು ಅನೇಕರು ಭಾವಿಸಿರುವರು. ನಿಜಸ್ಥಿತಿಯು ಇದಕ್ಕೆ ವಿರುದ್ಧವಾದುದು. ಲ್ಯಾಟಿನ್ ಮೂಲದ ಆ ಶಬ್ದಕ್ಕೆ ‘ತೆರೆದಿರುವದು’ ಎಂದೇ ಅರ್ಥ. ಹೊಸ ಯುಕ್ತಿಯನ್ನು ಕಂಡುಹಿಡಿದವನು ಅದರ ಮರ್ಮವನ್ನೆಲ್ಲ ಬರೆದು ಸರಕಾರಕ್ಕೆ ಒಪ್ಪಿಸತಕ್ಕದ್ದು. ಪ್ರತಿಫಲವಾಗಿ, ಅವನ ಒಪ್ಪಿಗೆಯಿಲ್ಲದೆ ಅನ್ಯರು ಅದನ್ನು ಮಾಡಿ ಮಾರದಂತೆ ನಿಯತಕಾಲದ ರಕ್ಷಣೆಯು ದೊರೆಯುವದು. ನಮ್ಮ ದೇಶದಲ್ಲಿ ಈ ಕಾಲವು 20 ವರ್ಷ. ಅನಂತರ ಅದು ಲೋಕದ ಸೊತ್ತು.

ಯಂತ್ರಲೋಕದ ಒಂದು ನಿದರ್ಶನವನ್ನು ನೋಡಿರಿ. ಲೋಹವನ್ನು ಕೊರೆಯುವ ಯಂತ್ರಕ್ಕೆ ಅಂಕಿಗಳ ಮೂಲಕ ಅಪ್ಪಣೆ ಕೊಡುವ ವಿಧಾನಕ್ಕಾಗಿ ಅಮೇರಿಕೆಯ ಜಾನ್ ಪಾರ್ಸನ್ಸ್ ಹಾಗೂ ಫ್ರಾಂಕ್ ಸ್ಟುಲೆನ್ ಎಂಬವರು 1952ರಲ್ಲಿ ಅರ್ಜಿಯಿಟ್ಟು 1958ರಲ್ಲಿ ಪೇಟೆಂಟು ಪಡೆದರು. ಅಲ್ಲಿಯ ಅಂದಿನ ಕಾಯಿದೆಯಂತೆ 17 ವರ್ಷಗಳಿಗೆ ಅದರ ಅವಧಿಯು ತೀರಿತು. ಅದೇ ತತ್ವವು ಬೆಳೆದು, ಇಂದು ಬೆಂಗಳೂರಿನ ಕಾರಖಾನೆಗಳಲ್ಲಿಯೂ ಲೇತುಗಳು ಗಣಕದ ಅಪ್ಪಣೆಯಂತೆ ನಡೆಯುತ್ತಿರುವವು. ಈ ವಿದ್ಯೆಯ ಪೂರ್ವಜನಾದರೋ ಬಟ್ಟೆಯ ಮಗ್ಗವೇ. ಫ್ರಾನ್ಸಿನ ಜಾಕ್ವಾರ್ಡನು 1804ರ ಸುಮಾರಿಗೆ ತೂತು ಕೊರೆದ ರಟ್ಟುಗಳಿಂದ ರೇಶಿಮೆಯಲ್ಲಿ ಚಿತ್ರ ನೇಯಿಸಿದ್ದನು. ಬರೆದು ತೆರೆದಿಟ್ಟ ವಿದ್ಯೆಯು ಹೀಗೆ ಕೈಯಿಂದ ಕೈಗೆ ಬೆಳೆಯುವದು.

ಇನ್ನು ಉಡುಪಿನ ಮಾತು. ಮೊಲದ ಕಿವಿಯಂಥ ರೂಪ, ಅಲಂಕಾರಗಳ ಹೊಸತನಕ್ಕೆ 2000ದ ವಿನ್ಯಾಸ ಕಾಯಿದೆಯಂತೆ ನೋಂದಣಿಯುಂಟು. ಅದಕ್ಕೆ 10 ವರ್ಷ, ಬೇಕಾದರೆ ಮತ್ತೆ 5 ವರ್ಷ. ಮಗು ಹೊರಳಿದರೂ ಬಿಚ್ಚದಂಥ ಹೊಸ ಗುಂಡಿಯನ್ನೇ ಕಂಡುಹಿಡಿದರೆ ಅದು 1970ರ ಪೇಟೆಂಟು ಕಾಯಿದೆಗೆ ಸೇರುವದು. ಆದರೆ ಅರ್ಜಿಯಿಡುವ ಮೊದಲೇ ಸಂತೆಯಲ್ಲಿ ಮಾರಿದರೆ ಹೊಸತನವು ಹೋದಂತೆಯೇ ಸರಿ. ತಲೆ ಕಿವಿಗಳನ್ನು ಮುಚ್ಚಿ ಬೆನ್ನಿಗಿಳಿಯುವ ನಮ್ಮ ಕುಂಚಿಗೆಗೂ ಕುಲಾವಿಗೂ ಯಾರೂ ಪೇಟೆಂಟು ಕೇಳುವಂತಿಲ್ಲ. ಪರಂಪರೆಯ ಜ್ಞಾನವು ಹೊಸ ಶೋಧವಲ್ಲವೆಂದು ಕಾಯಿದೆಯೇ ಹೇಳಿರುವದು.

ಅಷ್ಟಕ್ಕೇ ನಿಶ್ಚಿಂತರಾಗಿರುವದು ತರವಲ್ಲ. ಗಾಯವನ್ನು ಅರಿಸಿನದಿಂದ ಮಾಯಿಸುವ ಕ್ರಮಕ್ಕೆ 1995ರಲ್ಲಿ ಅಮೇರಿಕೆಯಲ್ಲಿ ಪೇಟೆಂಟು ದೊರೆತಿತ್ತು! ಪರದೇಶದ ಬಾಯಿಮಾತಿನ ರೂಢಿಗೆ ಅಲ್ಲಿ ಅಂದು ಬೆಲೆಯಿರಲಿಲ್ಲ. ನಮ್ಮ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಪರಿಷತ್ತು ಸಂಸ್ಕೃತ ಗ್ರಂಥಗಳನ್ನೂ 1953ರ ಒಂದು ವೈದ್ಯಕೀಯ ಲೇಖನವನ್ನೂ ಮುಂದಿಟ್ಟು ವಾದಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಕೋಟಿ ಅಜ್ಜಿಯರ ಅನುಭವವು ಸಾಲದೆ, ಬರೆದಿಟ್ಟ ಸಾಕ್ಷಿಯೇ ಕೆಲಸಕ್ಕೆ ಬಂದಿತು.

ಚಿಂಚೋಳಿ ತಾಲೂಕಿನಲ್ಲಿ, ತೆಲಂಗಾಣದ ಗಡಿಗೆ ಹೊಂದಿರುವ ಕುಂಚಾವರಂ ಕಾಡಿನ ಸೀಮೆಯನ್ನು ನೆನೆಯಿರಿ. ಅಲ್ಲಿಯ ತಾಂಡಾಗಳಲ್ಲಿ ಲಂಬಾಣಿ ತಾಯಂದಿರ ಕನ್ನಡಿ ಕವಡೆಗಳ ಕಸೂತಿಯುಂಟು; ಊರುಗಳಲ್ಲಿ ಖಣದ ಕುಂಚಿಗೆಯುಂಟು. ಇವೆಲ್ಲ ಕಂಠಸ್ಥ, ಹಸ್ತಸ್ಥ ವಿದ್ಯೆಗಳು. ಸೊಸೆ ಮಗಳಂದಿರು ದುಡಿಮೆಗಾಗಿ ದೂರದ ನಗರಗಳಿಗೆ ಹೋದರೆ, ಮುದುಕಿಯೊಡನೆ ಹೊಲಿಗೆಯೂ ಕಣ್ಮರೆಯಾಗುವದು. ಪೇಟೆಂಟಿನ ಹಕ್ಕು ನಮಗೆ ಬೇಡ. ಆದರೆ ಬರೆದಿಡುವ ಅದರ ಪದ್ಧತಿಯು ನಮಗೆ ಅವಶ್ಯವಾಗಿ ಬೇಕು.

ಆದುದರಿಂದ ವಾಚಕ ಭಗಿನಿಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ: ನಿಮ್ಮ ಮನೆಯ ಹಿರಿಯರಿಂದ ಕುಂಚಿಗೆಯ ಅಳತೆ, ಕತ್ತರಿಸುವ ಕ್ರಮ, ಹೊಲಿಗೆಗಳ ಹೆಸರು, ಕಲಿಸಿದವರ ಹೆಸರು, ಇವನ್ನು ಕೇಳಿ ತಾರೀಖು ಸಹಿತ ಬರೆಯಿರಿ, ಪಕ್ಕದಲ್ಲಿ ಚಿತ್ರವನ್ನೂ ತೆಗೆಯಿರಿ. ಒಂದು ಪ್ರತಿಯು ಮನೆಯಲ್ಲಿರಲಿ, ಇನ್ನೊಂದನ್ನು ಈ ಪತ್ರಿಕೆಗೆ ಕಳಿಸಿರಿ. ಅಚ್ಚಾದುದು ನಾಳೆ ಮೊಮ್ಮಕ್ಕಳಿಗೆ ಪಾಠವಾಗುವದು, ನ್ಯಾಯಸ್ಥಾನದಲ್ಲಿ ಸಾಕ್ಷಿಯೂ ಆಗುವದು.