ನೋವಿನ ಮದ್ದು ಮತ್ತು ನಿದ್ರೆಯ ಉಸಿರು

ಎಚ್ಚರವಾಗಿರುವ ಮನುಷ್ಯನ ಉಸಿರಿಗೆ ಇಬ್ಬರು ಕಾವಲುಗಾರರು. ನಿದ್ರಿಸುತ್ತಿರುವವನ ಉಸಿರಿಗೆ ಒಬ್ಬನೇ. ಎಚ್ಚರದಲ್ಲಿ ಮಾತು, ನಡೆ, ಸದ್ದು, ಬೆಳಕು ಇವೆಲ್ಲವೂ ಮಿದುಳನ್ನು ಚುರುಕಾಗಿಟ್ಟು ಉಸಿರಾಟಕ್ಕೆ ಒತ್ತಾಸೆ ಕೊಡುತ್ತಿರುವುವು. ನಿದ್ರೆ ಹತ್ತಿದೊಡನೆ ಈ ಕಾವಲು ತೆರವಾಗುವುದು. ಆಮೇಲೆ ಉಳಿಯುವುದು, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟು ಸೇರಿದೆಯೆಂದು ಸದಾ ಅಳೆಯುತ್ತ, ಅದು ಹೆಚ್ಚಿದಾಗ ಉಸಿರನ್ನು ಹೆಚ್ಚಿಸುವ ಏರ್ಪಾಡು ಮಾತ್ರ. ಆರೋಗ್ಯವಂತನಿಗೆ ಅದೊಂದೇ ಸಾಕು. ಆದರೆ ಆ ಒಬ್ಬ ಕಾವಲುಗಾರನೂ ತೂಕಡಿಸಿದರೆ ಗತಿಯೇನು? ದೀರ್ಘಕಾಲದ ನೋವಿಗಾಗಿ ಅಫೀಮಿನ ವರ್ಗದ ಔಷಧಗಳನ್ನು ಸೇವಿಸುತ್ತಿರುವ ಅನೇಕರಲ್ಲಿ ರಾತ್ರಿ ನಡೆಯುವುದು ಇದೇ. ಈ ವಿಷಯಕ್ಕೆ ಸಲ್ಲಬೇಕಾದಷ್ಟು ಗಮನ ಸಲ್ಲುತ್ತಿಲ್ಲವೆಂದು ನಾವು ಭಾವಿಸುತ್ತೇವೆ.

ಗಸಗಸೆ ಗಿಡದ ಎಳೆಗಾಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅದೇ ಅಫೀಮು. 19ನೆಯ ಶತಮಾನದ ಆರಂಭದಲ್ಲಿ ಸೆರ್ಟ್ಯುರ್ನರ್ ಎಂಬ ಜರ್ಮನಿಯ ತರುಣ ಔಷಧ ತಯಾರಕನು ಅದರ ಸಾರವನ್ನು ಬೇರ್ಪಡಿಸಿ, ಗ್ರೀಕರ ಸ್ವಪ್ನದೇವತೆಯಾದ ಮಾರ್ಫಿಯಸನ ಹೆಸರನ್ನು ಅದಕ್ಕೆ ಕೊಟ್ಟನು. ಇಂದು ನಾವು ಮಾರ್ಫೀನ್ ಎಂದು ಕರೆಯುವುದು ಅದನ್ನೇ. ಕೊಡೀನ್, ಆಕ್ಸಿಕೋಡೋನ್, ಮೆಥಡೋನ್, ಫೆಂಟನಿಲ್, ಟ್ರಮಡಾಲ್ ಮೊದಲಾದುವು ಅದರ ಬಂಧುಗಳು. ಕೆಲವು ಗಿಡದಿಂದ ಬಂದುವು, ಕೆಲವು ಪ್ರಯೋಗಶಾಲೆಯಲ್ಲಿ ಹುಟ್ಟಿದುವು. ಇವೆಲ್ಲಕ್ಕೂ ಸೇರಿ ಓಪಿಯಾಯ್ಡ್ ಎಂದು ಹೆಸರು. ಶಸ್ತ್ರಚಿಕಿತ್ಸೆಯ ಮತ್ತು ಕ್ಯಾನ್ಸರಿನ ಕಠಿಣವಾದ ನೋವಿಗೆ ಇವುಗಳಿಗೆ ಸಮನಾದ ಮದ್ದು ವಿರಳ. 1990ರ ದಶಕದಿಂದೀಚೆಗೆ ಅಮೆರಿಕದಲ್ಲಿ ಬೆನ್ನುನೋವು, ಕೀಲುನೋವುಗಳಂಥ, ವರ್ಷಗಟ್ಟಲೆ ಕಾಡುವ ಬೇನೆಗಳಿಗೂ ಇವನ್ನು ಧಾರಾಳವಾಗಿ ಬರೆದುಕೊಡುವ ರೂಢಿ ಬೆಳೆಯಿತು. ಅದರಿಂದ ಹುಟ್ಟಿದ ಚಟವನ್ನೂ ಅತಿಸೇವನೆಯ ಸಾವುಗಳನ್ನೂ ಜಗತ್ತೆಲ್ಲ ಬಲ್ಲುದು. ವೈದ್ಯರು ಹೇಳಿದ ಪ್ರಮಾಣವನ್ನು ಮೀರದೆ ಸೇವಿಸುತ್ತಿರುವವನ ನಿದ್ರೆಯಲ್ಲಿಯೂ ಅಪಾಯ ಹೊಂಚಿರಬಹುದೆಂಬುದು ಅಷ್ಟಾಗಿ ಪ್ರಚಾರವಾಗಿಲ್ಲ.

ಈ ಔಷಧಗಳು ನೋವನ್ನು ತಗ್ಗಿಸುವುದು ಹೇಗೆ, ಉಸಿರನ್ನು ತಗ್ಗಿಸುವುದು ಹೇಗೆ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ. ನರಕೋಶಗಳ ಮೈಮೇಲೆ ಇವುಗಳ ಅಣುಗಳು ಬಂದು ಕೂರುವ ಗ್ರಾಹಕಗಳಿವೆ; ಅವುಗಳ ಇರವು 1973ರಲ್ಲಿ ಪ್ರಯೋಗಗಳಿಂದ ಸ್ಥಿರಪಟ್ಟಿತು. ನೋವಿನ ಸುದ್ದಿಯನ್ನು ಒಯ್ಯುವ ನರಕೋಶಗಳಲ್ಲಿ ಅವು ಇರುವಂತೆಯೇ ಉಸಿರಿನ ಲಯವನ್ನು ಹುಟ್ಟಿಸುವ ನರಕೋಶಗಳಲ್ಲಿಯೂ ಇವೆ. ಆ ಲಯದ ನೆಲೆಯನ್ನು 1991ರಲ್ಲಿ ಜೆಫ್ರಿ ಸ್ಮಿತ್, ಜ್ಯಾಕ್ ಫೆಲ್ಡ್‌ಮನ್ ಮತ್ತು ಅವರ ಸಂಗಡಿಗರು ಇಲಿಮರಿಗಳ ಮಿದುಳಿನ ಕಾಂಡದಲ್ಲಿ ಗುರುತಿಸಿದರು. ಆ ಭಾಗದ ತೆಳುವಾದ ಹೋಳೊಂದು ದೇಹದಿಂದ ಬೇರೆಯಾದ ಮೇಲೂ ಉಸಿರಿನ ಲಯದಲ್ಲಿ ಮಿಡಿಯುತ್ತಿದ್ದಿತು! ನೆರೆಯ ಭಾಗಕ್ಕೆ ಮೊದಲೇ ಇಟ್ಟಿದ್ದ ಜರ್ಮನ್ ದ್ರಾಕ್ಷಾರಸವೊಂದರ ಹೆಸರನ್ನು ಅನುಸರಿಸಿ ಇದನ್ನು ಪ್ರಿ-ಬೋಟ್ಸಿಂಗರ್ ಸಂಕೀರ್ಣವೆಂದು ಕರೆದರು. ಒಂದೇ ಬೀಗದ ಕೈ ಎರಡು ಮನೆಗಳ ಬಾಗಿಲಿಗೂ ಹೊಂದುವಂತೆ, ನೋವಿನ ಬಾಗಿಲನ್ನು ಮುಚ್ಚಲು ಕೊಟ್ಟ ಔಷಧ ಉಸಿರಿನ ಬಾಗಿಲನ್ನೂ ಸ್ವಲ್ಪ ಮುಚ್ಚುವುದು. ಕಾರ್ಬನ್ ಡೈಆಕ್ಸೈಡ್ ಹೆಚ್ಚಿದರೂ ಮಿದುಳು ಎಂದಿನಂತೆ ಪ್ರತಿಕ್ರಿಯೆ ತೋರುವುದಿಲ್ಲ. ಬಹುಕಾಲ ಸೇವಿಸಿದವರ ದೇಹ ಔಷಧಕ್ಕೆ ಒಗ್ಗಿಕೊಳ್ಳುವುದುಂಟು. ಆದರೆ ಉಸಿರಿನ ವಿಷಯದಲ್ಲಿ ಈ ಒಗ್ಗುವಿಕೆ ಪೂರ್ಣವಾಗದು.

ನಿದ್ರೆಯಲ್ಲಿ ಉಸಿರು ಹತ್ತು ಸೆಕೆಂಡುಗಳೋ ಅದಕ್ಕಿಂತ ಹೆಚ್ಚೋ ನಿಂತುಹೋಗುವುದನ್ನು ಶ್ವಾಸಸ್ತಂಭ ಎನ್ನೋಣ. ಇದರಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಹಾದಿ ಮುಚ್ಚಿಕೊಳ್ಳುವುದು. ಎದೆ ಉಸಿರಿಗಾಗಿ ಹೆಣಗುತ್ತಿದ್ದರೂ ಗಾಳಿ ಒಳಗೆ ಹೋಗದು. ಜೋರಾದ ಗೊರಕೆ ಇದರ ಸಾಮಾನ್ಯ ಗುರುತು. ಎರಡನೆಯದರಲ್ಲಿ ಹಾದಿ ತೆರೆದೇ ಇದ್ದರೂ ಉಸಿರಾಡೆಂಬ ಅಪ್ಪಣೆಯೇ ಮಿದುಳಿನಿಂದ ಬಾರದು; ಎದೆಯೂ ಹೊಟ್ಟೆಯೂ ಸುಮ್ಮನಾಗುವುವು. ಇದಕ್ಕೆ ಕೇಂದ್ರೀಯ ಶ್ವಾಸಸ್ತಂಭವೆಂದು ಹೆಸರು. ಓಪಿಯಾಯ್ಡ್ ಸೇವಿಸುವವರಲ್ಲಿ ಎರಡೂ ಕಾಣಬಹುದಾದರೂ ಎರಡನೆಯದು ಅವರಲ್ಲಿ ವಿಶೇಷ. ಇದಲ್ಲದೆ ಒಂದು ಉಸಿರು ಆಳ, ಒಂದು ಮೇಲುಮೇಲೆ, ನಡುವೆ ಗೊತ್ತುಗುರಿಯಿಲ್ಲದ ನಿಲುಗಡೆ ಎಂಬಂತಹ ಅವ್ಯವಸ್ಥಿತ ಉಸಿರಾಟವೂ ಉಂಟು. ಇಂತಹುದನ್ನು ಫ್ರಾನ್ಸಿನ ವೈದ್ಯ ಕಮೀಲ್ ಬಿಯೋ 1876ರಲ್ಲಿಯೇ ಬೇರೆ ರೋಗಿಗಳಲ್ಲಿ ಕಂಡು ವರ್ಣಿಸಿದ್ದನು. 2007ರಲ್ಲಿ ಅಮೆರಿಕದ ವೈದ್ಯರು, ಬಹುಕಾಲದಿಂದ ಓಪಿಯಾಯ್ಡ್ ಸೇವಿಸುತ್ತಿದ್ದ 60 ಮಂದಿಯ ನಿದ್ರೆಯನ್ನು ಸೇವಿಸದ 60 ಮಂದಿಯ ನಿದ್ರೆಯೊಡನೆ ಹೋಲಿಸಿ ಪ್ರಕಟಿಸಿದರು. ಸೇವಿಸದವರಲ್ಲಿ ನೂರಕ್ಕೆ 5 ಮಂದಿಯಲ್ಲಿ ಕಂಡ ಅವ್ಯವಸ್ಥಿತ ಉಸಿರಾಟ ಸೇವಿಸುವವರಲ್ಲಿ ನೂರಕ್ಕೆ 70 ಮಂದಿಯಲ್ಲಿದ್ದಿತು. ದಿನಕ್ಕೆ 200 ಮಿಲಿಗ್ರಾಂ ಮಾರ್ಫೀನಿಗೆ ಸಮನಾದ ಅಥವಾ ಅದಕ್ಕೂ ಮಿಗಿಲಾದ ಪ್ರಮಾಣವನ್ನು ಸೇವಿಸುವವರಲ್ಲಂತೂ ಅದು ನೂರಕ್ಕೆ 92ರಷ್ಟಾಗಿದ್ದಿತು.

ಇಷ್ಟು ಹೆಚ್ಚಾಗಿರುವ ತೊಂದರೆ ಕಣ್ಣಿಗೆ ಬೀಳದಿರಲು ಕಾರಣವೇನು? ಅನುಭವಿಸುವವನು ನಿದ್ರೆಯಲ್ಲಿರುವನು, ಅವನಿಂದ ಸಾಕ್ಷ್ಯ ದೊರೆಯದು. ಬೆಳಗ್ಗೆ ತಲೆನೋವು, ಹಗಲು ತೂಕಡಿಕೆ, ಮಂಕು, ಆಯಾಸ ಕಾಣಿಸಿದರೆ ಅದು ನೋವಿನ ಫಲವೆಂದೋ ಔಷಧದ ಸಹಜವಾದ ಮತ್ತೆಂದೋ ಎಲ್ಲರೂ ತಿಳಿಯುವರು. ಇಲ್ಲಿಯೇ ಒಂದು ವಿಷವರ್ತುಲ ಮೊದಲಾಗುವುದು. ಪದೇ ಪದೇ ಮುರಿದ ನಿದ್ರೆಯಿಂದ ನೋವನ್ನು ತಾಳುವ ಶಕ್ತಿ ಕುಗ್ಗುವುದು. ನೋವು ಹೆಚ್ಚಿತೆಂದು ಔಷಧದ ಪ್ರಮಾಣ ಏರುವುದು. ಪ್ರಮಾಣ ಏರಿದಂತೆ ಉಸಿರು ಇನ್ನಷ್ಟು ಕೆಡುವುದು. ನಿದ್ರೆ ಬರುವುದಿಲ್ಲವೆಂದು ರೋಗಿ ದೂರಿದರೆ ಪಟ್ಟಿಗೆ ನಿದ್ರೆಯ ಮಾತ್ರೆಯೊಂದು ಸೇರುವುದು. ಉರಿಗೆ ತುಪ್ಪ ಸುರಿದಂತಾಯಿತು.

ಆದುದರಿಂದ ಇದರ ಚಿಕಿತ್ಸೆ ಯಂತ್ರದಿಂದಲ್ಲ, ಔಷಧಗಳ ಪಟ್ಟಿಯಿಂದ ಮೊದಲಾಗತಕ್ಕದ್ದು ಎಂಬುದು ನಮ್ಮ ಮುಖ್ಯ ವಾದ. ಡಯಜಿಪಾಮ್, ಆಲ್ಪ್ರಜೋಲಾಮ್ ಮುಂತಾದ ಶಾಮಕಗಳೂ ಮದ್ಯವೂ ಓಪಿಯಾಯ್ಡಿನೊಡನೆ ಕೂಡಿದಾಗ ಅಪಾಯ ಹೆಚ್ಚುವುದು. ಈ ಶಾಮಕಗಳನ್ನೂ ಓಪಿಯಾಯ್ಡುಗಳನ್ನೂ ಜೊತೆಯಾಗಿ ಕೊಡುವುದರ ವಿರುದ್ಧ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ತನ್ನ ಅತ್ಯಂತ ಕಟ್ಟುನಿಟ್ಟಾದ ಎಚ್ಚರಿಕೆಯನ್ನು ಹೊರಡಿಸಿತು. ಮೊದಲು ಇಂತಹ ಜೊತೆಗಾರರನ್ನು, ವೈದ್ಯರ ಕಣ್ಗಾವಲಿನಲ್ಲಿ, ಬೇರ್ಪಡಿಸಬೇಕು. ಬಳಿಕ ಓಪಿಯಾಯ್ಡಿನ ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸಬಹುದೇ, ವ್ಯಾಯಾಮ ಚಿಕಿತ್ಸೆ ಮತ್ತು ಇತರ ಔಷಧಗಳಿಂದ ನೋವನ್ನು ಹಂಚಿಕೊಳ್ಳಬಹುದೇ ಎಂದು ನೋಡಬೇಕು. ಔಷಧವನ್ನು ಬಿಡಿಸಿದ ಬಳಿಕ ಕೇಂದ್ರೀಯ ಶ್ವಾಸಸ್ತಂಭ ಇಲ್ಲವಾದ ನಿದರ್ಶನಗಳು ವೈದ್ಯಗ್ರಂಥಗಳಲ್ಲಿ ದಾಖಲಾಗಿವೆ.

ಹಾಗಾದರೆ ಯಂತ್ರಗಳು ಬೇಡವೆ? ಬೇಕು; ಆದರೆ ಯಾವುದಕ್ಕೆ ಯಾವುದೆಂಬ ವಿವೇಕವೂ ಬೇಕು. ಮೂಗಿನ ಮುಸುಕಿನ ಮೂಲಕ ಗಾಳಿಯನ್ನು ಒಂದೇ ಒತ್ತಡದಲ್ಲಿ ಹಾಯಿಸಿ ಗಂಟಲನ್ನು ತೆರೆದಿಡುವ ವಿಧಾನವನ್ನು ಆಸ್ಟ್ರೇಲಿಯದ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದರು. ಸಿಪ್ಯಾಪ್ ಎಂಬ ಹೆಸರಿನಿಂದ ಅದು ಗಂಟಲು ಮುಚ್ಚುವ ರೋಗಿಗಳಿಗೆ ವರವಾಯಿತು. ಅಪ್ಪಣೆಯೇ ಬಾರದಿರುವಲ್ಲಿ ಮಾತ್ರ ಹಾದಿಯನ್ನು ತೆರೆದಿಟ್ಟು ಫಲವೇನು? ಅಂತಹವರಿಗೆ, ಉಸಿರು ನಿಂತಾಗ ತಾನೇ ಉಸಿರನ್ನೂಡುವ ಬೇರೆ ಯಂತ್ರಗಳಿವೆ. ಅವೂ ಎಲ್ಲರಿಗೂ ಒಗ್ಗವು. ಇವುಗಳಲ್ಲಿ ಒಂದು ಬಗೆಯ ಯಂತ್ರವನ್ನು ಹೃದಯದ ಬಲಗುಂದಿದ ರೋಗಿಗಳಲ್ಲಿ ಬಳಸಿ ನೋಡಿದಾಗ ಹೃದ್ರೋಗದ ಸಾವು ಹೆಚ್ಚಿತೆಂದು 2015ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ತೋರಿಸಿತು. ಆಮ್ಲಜನಕವನ್ನು ಕೊಟ್ಟುಬಿಟ್ಟರಾಯಿತೆನ್ನುವವರಿಗೂ ಒಂದು ಮಾತು. ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಿತವಾದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಆಮ್ಲಜನಕವನ್ನು ಅಂದಾಜುಮಾಡುವುದೇ ಹೊರತು ಕಾರ್ಬನ್ ಡೈಆಕ್ಸೈಡನ್ನಲ್ಲ. ಆಮ್ಲಜನಕವನ್ನು ಮೇಲಿನಿಂದ ಕೊಡುತ್ತಿರುವಾಗ ಅದರ ಅಂಕಿ ಸರಿಯಾಗಿ ತೋರುತ್ತಿದ್ದರೂ ಒಳಗೆ ಉಸಿರು ಕುಂದುತ್ತ ಕಾರ್ಬನ್ ಡೈಆಕ್ಸೈಡ್ ಏರುತ್ತಿರಬಹುದು.

ಇದನ್ನೆಲ್ಲ ಓದಿ, ಓಪಿಯಾಯ್ಡುಗಳನ್ನೇ ನಿಷೇಧಿಸುವುದು ಲೇಸೆಂದು ಯಾರಾದರೂ ತೀರ್ಮಾನಿಸಿದರೆ ಅದನ್ನು ನಾವು ಒಪ್ಪೆವು. ದೀರ್ಘಕಾಲ ಸೇವಿಸಿದವನಿಂದ ಅವನ್ನು ಥಟ್ಟನೆ ಕಿತ್ತುಕೊಂಡರೆ ದಾರುಣವಾದ ನೋವು, ಮಾನಸಿಕ ಯಾತನೆ, ಆತ್ಮಹತ್ಯೆಯವರೆಗಿನ ಅನಾಹುತಗಳು ಸಂಭವಿಸುವುವೆಂದು ಅದೇ ಅಮೆರಿಕದ ಸಂಸ್ಥೆ 2019ರಲ್ಲಿ ಎಚ್ಚರಿಸಿತು. ನಮ್ಮ ದೇಶದ ಅನುಭವವೂ ಪಾಠ ಹೇಳುವುದು. ಕಾನೂನಿಗೆ ಅನುಸಾರವಾಗಿ ಅಫೀಮನ್ನು ಬೆಳೆಯುವ ಕೆಲವೇ ದೇಶಗಳಲ್ಲಿ ಭಾರತವೂ ಒಂದು. ಹೀಗಿದ್ದರೂ 1985ರ ಮಾದಕ ದ್ರವ್ಯಗಳ ಕಾಯಿದೆಯ ತೊಡಕುಗಳಿಂದ ಕ್ಯಾನ್ಸರ್ ರೋಗಿಗಳಿಗೆ ಮಾರ್ಫೀನ್ ದೊರೆಯುವುದೇ ದುರ್ಲಭವಾಯಿತು. 2014ರಲ್ಲಿ ಕಾಯಿದೆಯನ್ನು ತಿದ್ದಿ ನಿಯಮಗಳನ್ನು ಸುಲಭಗೊಳಿಸಬೇಕಾಯಿತು. ಮಿತಿಯಿಲ್ಲದೆ ಕೊಡುವುದು ಒಂದು ತಪ್ಪು. ಹೆದರಿ ಕೊಡದಿರುವುದು ಇನ್ನೊಂದು ತಪ್ಪು. ಉಸಿರಿನ ಅಪಾಯವನ್ನು ಅರಿತು, ಅಳೆದು, ಕಾಯುತ್ತ ಕೊಡುವುದೇ ವಿಜ್ಞಾನದ ಮಾರ್ಗ.

ನಿದ್ರೆಯ ಪರೀಕ್ಷಾಲಯಗಳು ಎಲ್ಲೆಡೆಯೂ ಇಲ್ಲ, ಇದ್ದಲ್ಲಿ ವೆಚ್ಚ ಹೆಚ್ಚು ಎಂಬ ಆಕ್ಷೇಪ ಬರಬಹುದು. ಆಕ್ಷೇಪ ನಿಜ. ಆದರೆ ಮೊದಲ ಹೆಜ್ಜೆಗೆ ಕಾಸು ಬೇಕಿಲ್ಲ. ನೋವು ಹೇಗಿದೆಯೆಂದು ಕೇಳುವ ವೈದ್ಯರು ನಿದ್ರೆ ಹೇಗಿದೆಯೆಂದೂ ಕೇಳಲಿ. ಅದಕ್ಕೂ ಮಿಗಿಲಾಗಿ, ರೋಗಿಯ ಪಕ್ಕದಲ್ಲಿ ಮಲಗುವವರನ್ನು ಕೇಳಲಿ. ಗೊರಕೆ ನಡುವೆ ಥಟ್ಟನೆ ನಿಂತು ಆಮೇಲೆ ಏದುಸಿರಿನೊಡನೆ ಮರಳುವುದನ್ನು ಕಂಡಿರುವ ಹೆಂಡತಿಯೋ ಮಗನೋ ಕೊಡುವ ಸಾಕ್ಷ್ಯ ಬಹು ಬೆಲೆಯುಳ್ಳದ್ದು. ಶಂಕೆ ಬಲವಾದವರನ್ನಾದರೂ ಪರೀಕ್ಷೆಗೆ ಕಳುಹಬಹುದು. ಓಪಿಯಾಯ್ಡಿನ ಕಾರ್ಯವನ್ನು ತಡೆದು ಉಸಿರನ್ನು ಮರಳಿಸುವ ನಲೋಕ್ಸೋನ್ ಎಂಬ ಪ್ರತ್ಯೌಷಧ ಅಮೆರಿಕದಲ್ಲಿ 1971ರಲ್ಲಿ ಮಾನ್ಯವಾಯಿತು. ಮೂಗಿಗೆ ಸಿಂಪಡಿಸುವ ಅದರ ರೂಪವನ್ನು ವೈದ್ಯರ ಚೀಟಿಯಿಲ್ಲದೆ ಮಾರಲು 2023ರಲ್ಲಿ ಅಲ್ಲಿ ಅನುಮತಿ ದೊರೆಯಿತು.

ನಮ್ಮ ವಾಚಕರಲ್ಲಿ ಕೆಲವರು ನಾಳೆ ವೈದ್ಯರಾಗುವರು, ಕೆಲವರು ದಾದಿಯರೋ ಔಷಧಶಾಸ್ತ್ರಜ್ಞರೋ ಆಗುವರು. ಉಳಿದವರ ಮನೆಗಳಲ್ಲಿಯೂ ಅಜ್ಜನೋ ಅಜ್ಜಿಯೋ ಬೆನ್ನುನೋವಿಗೆ ಟ್ರಮಡಾಲನ್ನು ಸೇವಿಸುತ್ತಿರಬಹುದು. ಅಂತಹವರ ಮಾತ್ರೆಯನ್ನು ನೀವಾಗಿ ನಿಲ್ಲಿಸಲಾಗದು. ಆದರೆ ರಾತ್ರಿ ಅವರ ಉಸಿರಿನಲ್ಲಿ ನೀವು ಕಂಡುದನ್ನು ವೈದ್ಯರಿಗೆ ತಿಳಿಸಲು ಸಂಕೋಚಪಡಬೇಡಿರಿ. ಎಷ್ಟು ಅಲುಗಿಸಿದರೂ ಎಚ್ಚರಗೊಳ್ಳದಿದ್ದರೆ, ಉಸಿರು ಬಹಳ ನಿಧಾನವಾಗಿದ್ದರೆ, ತುಟಿ ನೀಲಿಗಟ್ಟಿದ್ದರೆ, ಬೆಳಗಾಗಲೆಂದು ಕಾಯದೆ ಒಡನೆಯೇ ಆಸ್ಪತ್ರೆಯ ನೆರವನ್ನು ಪಡೆಯಬೇಕು. ನೋವಿಲ್ಲದ ಹಗಲನ್ನು ರೋಗಿಗೆ ಕೊಟ್ಟ ವೈದ್ಯಶಾಸ್ತ್ರ ಅವನ ರಾತ್ರಿಯ ಹೊಣೆಯನ್ನೂ ಹೊರಬೇಕೆಂದು ಕೇಳುವುದು ಅತಿಯಾದ ಬೇಡಿಕೆಯೇನೂ ಅಲ್ಲ.