ಮೊದಲ ದಿನದ ಆಟ ಮತ್ತು ಮಗುವಿನ ನಾಲಗೆ

ವರ್ಗಾವಣೆಯ ಆದೇಶ ಕೈಸೇರಿದೊಡನೆ ನಾವು ಮನೆ ಹುಡುಕುತ್ತೇವೆ, ಹಾಲಿನವನನ್ನು ಗೊತ್ತುಮಾಡಿಕೊಳ್ಳುತ್ತೇವೆ, ಶಾಲೆಗೆ ಶುಲ್ಕ ಕಟ್ಟುತ್ತೇವೆ. ಜೂನ್ ತಿಂಗಳ ಒಂದು ಬೆಳಿಗ್ಗೆ ಐದಾರು ವರ್ಷದ ಮಗುವನ್ನು ತರಗತಿಯ ಬಾಗಿಲಲ್ಲಿ ಬಿಟ್ಟು ಬಂದರೆ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ನೌಕಾದಳ, ಬಂದರು, ಉಕ್ಕಿನ ಕಾರ್ಖಾನೆಗಳ ನಿಮಿತ್ತ ವಿಶಾಖಪಟ್ಟಣಕ್ಕೂ, ರೈಲ್ವೆ, ಬ್ಯಾಂಕು, ವ್ಯಾಪಾರಗಳ ನಿಮಿತ್ತ ವಿಜಯವಾಡಕ್ಕೂ ಬಂದ ಕನ್ನಡ ಕುಟುಂಬಗಳ ಮಕ್ಕಳು ಆ ಬಾಗಿಲಲ್ಲಿ ಎದುರಿಸುವುದು ಒಂದಲ್ಲ, ಎರಡು ಅಪರಿಚಿತ ಭಾಷೆಗಳನ್ನು: ಪಕ್ಕದ ಮಗು ಆಡುವುದು ತೆಲುಗು, ಉಪಾಧ್ಯಾಯಿನಿ ಆಡುವುದು ಇಂಗ್ಲಿಷು.

ಅನೇಕ ಶಾಲೆಗಳು ಈಗ ಮೊದಲ ದಿನ ಪುಸ್ತಕ ತೆರೆಯದೆ ಪರಿಚಯದ ಆಟಗಳನ್ನು ಆಡಿಸುತ್ತವೆ. ಸಂತೋಷವೇ. ಆದರೆ ಆ ಪೈಕಿ ಬಹು ಪ್ರಚಲಿತವಾದುದನ್ನು ನೋಡಿ. ಮಕ್ಕಳು ವೃತ್ತಾಕಾರವಾಗಿ ನಿಲ್ಲುತ್ತಾರೆ. ಚೆಂಡು ಯಾರ ಕೈಗೆ ಬರುವುದೋ ಅವರು ‘ಮೈ ನೇಮ್ ಈಸ್’ ಎಂದು ತೊಡಗಿ ಹೆಸರನ್ನೂ ಮೆಚ್ಚಿನ ಹಣ್ಣನ್ನೂ ಇಂಗ್ಲಿಷಿನಲ್ಲಿ ಹೇಳಬೇಕು. ಇಂಗ್ಲಿಷು ಬಲ್ಲ ಮಗುವಿಗೆ ಇದು ಆಟ. ಅರಿಯದ ಮಗುವಿಗೆ ತರಗತಿಯೆಲ್ಲದರ ಎದುರು ಮೌಖಿಕ ಪರೀಕ್ಷೆ. ಚೆಂಡು ತನ್ನತ್ತ ಬಾರದಿರಲೆಂದು ಹಾರೈಸುವ ಮಗು ಆಡುತ್ತಿದೆ ಎನ್ನಲಾದೀತೆ? ಹೆಸರಿನದೂ ಒಂದು ತೊಡಕು. ತೆಲುಗರಲ್ಲಿ ವಂಶದ ಹೆಸರು ‘ಇಂಟಿ ಪೇರು’ ಮೊದಲು ಬರುತ್ತದೆ. ಮನೆಯ ಹೆಸರೇನೆಂದು ಕೇಳಿದರೆ ನಮ್ಮ ಮಗು ಗೇಟಿನ ಮೇಲಿನ ‘ಶ್ರೀನಿಲಯ’ವನ್ನೇ ಹೇಳೀತು!

ಮೊದಲ ದಿನದ ಆಟ ಮಗುವಿನ ನಾಲಗೆಯನ್ನು ಕೇಳಬಾರದು, ಕೈಕಾಲುಗಳನ್ನು ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಆಶರ್ 1960ರ ದಶಕದಲ್ಲಿ ಇದೇ ತತ್ತ್ವದ ಮೇಲೆ ಒಂದು ಬೋಧನಕ್ರಮವನ್ನು ರೂಪಿಸಿದರು: ಗುರು ಆಜ್ಞೆ ಕೊಡುತ್ತಾರೆ, ಶಿಷ್ಯ ದೇಹದಿಂದ ಉತ್ತರಿಸುತ್ತಾನೆ, ಮಾತು ತಾನಾಗಿ ಆಮೇಲೆ ಬರುತ್ತದೆ. ನಮ್ಮ ಅಂಗಳದ ‘ಕೆರೆ-ದಡ’ ಆಡಿದವರಿಗೆ ಇದರಲ್ಲಿ ಹೊಸತೇನೂ ಕಾಣದು. ‘ಕೆರೆ’ ಎಂದರೆ ಗೆರೆಯೊಳಕ್ಕೆ ನೆಗೆ, ‘ದಡ’ ಎಂದರೆ ಹೊರಕ್ಕೆ, ತಪ್ಪಿದವನು ಔಟು. ಮೊದಲೆರಡು ಸುತ್ತು ಇದನ್ನು ಕನ್ನಡದಲ್ಲೋ, ‘ಚೆರುವು-ಗಟ್ಟು’ ಎಂದು ತೆಲುಗಿನಲ್ಲೋ ಆಡಿಸಿ, ಮೂರನೆಯದನ್ನು ಇಂಗ್ಲಿಷಿಗೆ ತಿರುಗಿಸಬಹುದು. ಕಡಲೂರಾದ ವಿಶಾಖಪಟ್ಟಣದಲ್ಲಿ ‘ಸೀ-ಶೋರ್’, ಕೃಷ್ಣೆಯ ತೀರದ ವಿಜಯವಾಡದಲ್ಲಿ ‘ರಿವರ್-ಬ್ಯಾಂಕ್’. (ಬ್ಯಾಂಕೆಂದರೆ ತಂದೆಯ ಕಚೇರಿ ಎಂದೇ ತಿಳಿದ ಮಕ್ಕಳು ನಮ್ಮಲ್ಲಿ ಕಡಮೆಯಿಲ್ಲ, ಅವರಿಗಾಗಿ ‘ಇನ್-ಔಟ್’ ಎಂದರೂ ಸಾಕು.) ಅನುಮಾನಿಸಿದ ಮಗು ಪಕ್ಕದವನನ್ನು ನೋಡಿ ನೆಗೆಯುತ್ತದೆ. ಅದು ನಕಲಲ್ಲ, ಕಲಿಕೆ.

ತೆಲುಗು ಮಕ್ಕಳ ‘ನೇಲ-ಬಂಡ’ ನಮ್ಮ ‘ಕಲ್ಲು-ಮಣ್ಣು’ ಆಟವೇ. ಅವರ ‘ತೊಕ್ಕುಡು ಬಿಳ್ಳ’ ನಮ್ಮ ಕುಂಟೆಬಿಲ್ಲೆಯ ಅಕ್ಕನೋ ತಂಗಿಯೋ. ‘ಆಟ’ ಎಂಬ ಮಾತು ಎರಡು ಭಾಷೆಗಳಲ್ಲೂ ಒಂದೇ. ತೆಲುಗರ ‘ಆಟ-ಪಾಟ’ದಲ್ಲಿ ಪಾಟವೆಂದರೆ ಹಾಡು, ಕನ್ನಡ ಕಿವಿಗೆ ಮಾತ್ರ ಅದು ‘ಪಾಠ’ವೆಂದೇ ಕೇಳುತ್ತದೆ. ತರಗತಿಯಲ್ಲಿ ಇಷ್ಟು ನೆಂಟಸ್ತಿಕೆ ಸಿದ್ಧವಾಗಿರುವಾಗ ಅದನ್ನು ಬಾಗಿಲಾಚೆ ನಿಲ್ಲಿಸಿ ಬರಿಯ ಇಂಗ್ಲಿಷಿನಿಂದಲೇ ಇಂಗ್ಲಿಷು ಕಲಿಸಹೊರಡುವುದು ಜಾಣತನವಲ್ಲ. ಆಂಧ್ರ ಸರ್ಕಾರ 2019ರಲ್ಲಿ ತನ್ನ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮವನ್ನು ಆಜ್ಞಾಪಿಸಿತು. 2020ರ ಏಪ್ರಿಲ್‌ನಲ್ಲಿ ಉಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ಅನಂತರ ಸರ್ಕಾರವೇ ಅಚ್ಚುಹಾಕಿಸಿದ ದ್ವಿಭಾಷಾ ಪಠ್ಯಪುಸ್ತಕಗಳಲ್ಲಿ ಇಂಗ್ಲಿಷಿನ ಎದುರು ಪುಟದಲ್ಲಿ ತೆಲುಗು ಬಂದಿತು. ನಮ್ಮ ಮಗುವಿಗಾದರೋ ಎದುರು ಪುಟವೇ ಇಲ್ಲ.

ಈ ವಿಷಯ ಆರೋಗ್ಯಕ್ಕೂ ಸಂಬಂಧಪಟ್ಟದ್ದು. ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ವಾರ, ಒಮ್ಮೊಮ್ಮೆ ಕೆಲವು ತಿಂಗಳು ಬಾಯಿ ತೆರೆಯದಿರುವುದು ಸಹಜ. ಆಗ ಅದು ಕೇಳಿ ಕೂಡಿಡುತ್ತಿರುತ್ತದೆ. ಮನೆಯಲ್ಲಿ ನಿರರ್ಗಳವಾಗಿ ಮಾತನಾಡುವ ಮಗು ಭಾಷೆ ತಿಳಿದ ಮೇಲೂ ಶಾಲೆಯಲ್ಲಿ ತಿಂಗಳುಗಟ್ಟಲೆ ಮೂಕವಾಗಿದ್ದರೆ ವೈದ್ಯರಿಗೆ ತೋರಿಸಬೇಕು. ಶಾಲೆಯ ಮೊದಲ ತಿಂಗಳ ಮೌನವನ್ನು ವೈದ್ಯರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಬೆಳಿಗ್ಗೆ ಮಾತ್ರ ಬಂದು ಭಾನುವಾರ ಮಾಯವಾಗುವ ಹೊಟ್ಟೆನೋವನ್ನು ಸೋಗು ಎಂದು ಗದರಿಸಬೇಡಿ; ಅಂಜಿಕೆಯಿಂದ ಹುಟ್ಟಿದ ನೋವೂ ನೋವೇ. ಹೊರಗೆ ಹೋಗಬೇಕೆಂದು ಕೇಳಲು ಮಾತು ಬಾರದೆ ಮೂತ್ರವನ್ನು ತಡೆದು ಕೂರುವ ಮಕ್ಕಳಿದ್ದಾರೆ. ಇದು ರೂಢಿಯಾದರೆ ಮೂತ್ರನಾಳದ ಸೋಂಕಿಗೆ ದಾರಿ. ಆದಕಾರಣ ‘ಮೈ ನೇಮ್ ಈಸ್’ಗಿಂತ ಮೊದಲು ನೀರು ಕೇಳುವ, ಹೊರಗೆ ಹೋಗಲು ಅಪ್ಪಣೆ ಕೇಳುವ ಎರಡು ವಾಕ್ಯಗಳನ್ನು ಕಲಿಸಿ ಕಳುಹಿಸಿರಿ. ಬಾಯಿ ಬಾರದಿದ್ದರೆ ಕೈಸನ್ನೆಯೂ ಸಾಲುವಂತೆ ಉಪಾಧ್ಯಾಯಿನಿಯೊಡನೆ ಮುಂಚೆಯೇ ಮಾತಾಡಿಕೊಳ್ಳಿ. ‘ಮನೆಯಲ್ಲೂ ಇಂಗ್ಲಿಷೇ ಆಡಿ’ ಎಂಬ ಸಲಹೆ ಬಂದರೆ ವಿನಯದಿಂದ ಕೇಳಿ, ಮನೆಗೆ ಬಂದು ಕನ್ನಡದಲ್ಲೇ ಕಥೆ ಹೇಳಿ.

ನಮ್ಮ ಸಂಘ ಬರುವ ಮೇ ತಿಂಗಳ ಒಂದು ಭಾನುವಾರ ಶಾಲೆ ಸೇರಲಿರುವ ಮಕ್ಕಳನ್ನು ಕೂಡಿಸಿ ಕೆರೆ-ದಡವನ್ನು ಮೂರು ಭಾಷೆಗಳಲ್ಲೂ ಆಡಿಸಲಿ. ನೆರೆಯ ತೆಲುಗು ಮಕ್ಕಳನ್ನೂ ಕರೆಯೋಣ. ಸುಣ್ಣದ ಪುಡಿಯಲ್ಲಿ ಒಂದು ಗೆರೆ ಎಳೆದರಾಯಿತು, ಬೇರೆ ಖರ್ಚಿಲ್ಲ.